ಡಾಮಿನೋಸ್ ಪ್ರಕರಣ: ಜಾಲತಾಣ ಮತ್ತು ಅಂಧ ಗ್ರಾಹಕರ ಹಕ್ಕು

ಅಮೆರಿಕದ ಅಂಗವಿಕಲರ ಹಕ್ಕಿನ ಕಾಯ್ದೆಗೆ 1990ರ ಜುಲೈ 26ರಂದು ಅಧ್ಯಕ್ಷರ ಸಹಿ ಬಿತ್ತು. ಅದರ ಮೂರನೆಯ ಭಾಗ ಸಾರ್ವಜನಿಕರು ಬಂದುಹೋಗುವ ಖಾಸಗಿ ಸ್ಥಳಗಳಿಗೆ ಸಂಬಂಧಿಸಿದ್ದು. ಅಂಥ ಸ್ಥಳಗಳ ಪಟ್ಟಿಯಲ್ಲಿ ರೆಸ್ಟೋರೆಂಟುಗಳ ಹೆಸರು ನೇರವಾಗಿಯೇ ಇದೆ, ಜಾಲತಾಣದ ಹೆಸರಿಲ್ಲ. ಆಗಿನ್ನೂ ವೆಬ್ ಜನರ ಕೈಗೆ ಬಂದಿರಲಿಲ್ಲ. ಆದರೆ ಅಂಗವಿಕಲರಿಗೆ ಮಾಹಿತಿಯನ್ನು ಪರಿಣಾಮಕಾರಿಯಾಗಿ ತಲುಪಿಸಲು ಬೇಕಾದ ನೆರವನ್ನು ವ್ಯಾಪಾರಸ್ಥರೇ ಒದಗಿಸಬೇಕೆಂಬ ಮಾತು ಕಾಯ್ದೆಯಲ್ಲಿತ್ತು. ಮುಂದಿನ ದಾವೆಗಳಿಗೆ ಆಧಾರವಾದದ್ದು ಅದೇ.

ಅಂಧರು ಕಂಪ್ಯೂಟರನ್ನೂ ಫೋನನ್ನೂ ಬಳಸುವುದು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದ ಮೂಲಕ. ಅದು ಪುಟದ ಹಿಂದಿನ ಕೋಡನ್ನು ಓದಿ ದನಿಯಾಗಿಸುತ್ತದೆ. ಚಿತ್ರಕ್ಕೆ ವಿವರಣೆ ಬರೆದಿರದಿದ್ದರೆ ಕಡತದ ಅರ್ಥವಿಲ್ಲದ ಹೆಸರಷ್ಟೇ ಕೇಳಿಸಬಹುದು. ಗುಂಡಿಗೆ ಹೆಸರು ಕೊಟ್ಟಿರದಿದ್ದರೆ ‘ಬಟನ್’ ಎಂದು ಹೇಳಿ ಸುಮ್ಮನಾಗುತ್ತದೆ; ಅದು ಈರುಳ್ಳಿ ಸೇರಿಸುವ ಗುಂಡಿಯೋ ಹಣ ಪಾವತಿಸುವ ಗುಂಡಿಯೋ ತಿಳಿಯುವುದಿಲ್ಲ. ರೆಸ್ಟೋರೆಂಟುಗಳ ತಾಣಗಳಲ್ಲಿ ಇನ್ನೊಂದು ತೊಡಕೂ ಸಾಮಾನ್ಯ: ಮೆನುವಿನ ಫೋಟೋ ತೆಗೆದು ಹಾಗೆಯೇ ಏರಿಸಿಬಿಡುವುದು. ಕಣ್ಣಿಗೆ ಅದು ಅಕ್ಷರ, ಸ್ಕ್ರೀನ್ ರೀಡರ್‌ಗೆ ಬರೀ ಚಿತ್ರ. ಇವುಗಳಲ್ಲಿ ಬಹುಪಾಲು ಕೋಡ್ ಬರೆಯುವಾಗಲೇ ಕೆಲವು ಪದ ಸೇರಿಸಿದ್ದರೆ ಹುಟ್ಟದೇ ಇರುತ್ತಿದ್ದ ತೊಡಕುಗಳು. ಅದೇ ಇಲ್ಲಿನ ನೋವಿನ ಸಂಗತಿ.

2016ರಲ್ಲಿ ಕ್ಯಾಲಿಫೋರ್ನಿಯಾದ ಅಂಧ ಗ್ರಾಹಕರೊಬ್ಬರು ಡಾಮಿನೋಸ್ ಮೇಲೆ ದಾವೆ ಹೂಡಿದರು. ತಮಗೆ ಬೇಕಾದಂತೆ ಪಿಜ್ಜಾ ಆರಿಸಿ ತರಿಸಿಕೊಳ್ಳಲು ಕಂಪನಿಯ ಜಾಲತಾಣದಲ್ಲೂ ಆ್ಯಪ್‌ನಲ್ಲೂ ಆಗುತ್ತಿಲ್ಲ ಎಂಬುದು ಅವರ ದೂರು. ಜಾಲತಾಣ ಹೇಗಿರಬೇಕೆಂದು ನ್ಯಾಯ ಇಲಾಖೆ ನಿಯಮವನ್ನೇ ಮಾಡಿಲ್ಲ, ಇಲ್ಲದ ನಿಯಮ ಪಾಲಿಸುವುದು ಹೇಗೆ ಎಂದು ಕಂಪನಿ ವಾದಿಸಿತು. 2017ರಲ್ಲಿ ಜಿಲ್ಲಾ ನ್ಯಾಯಾಲಯ ಈ ವಾದ ಒಪ್ಪಿ ದಾವೆಯನ್ನು ವಜಾ ಮಾಡಿತು. ನಿಯಮ ತರುವ ಪ್ರಕ್ರಿಯೆಯನ್ನು 2010ರಲ್ಲಿ ಆರಂಭಿಸಿದ್ದ ಇಲಾಖೆ 2017ರ ಕೊನೆಗೆ ಅದನ್ನೂ ಕೈಬಿಟ್ಟಿತು.

2019ರ ಜನವರಿಯಲ್ಲಿ ಒಂಬತ್ತನೆಯ ಸರ್ಕಿಟ್‌ನ ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನು ರದ್ದುಮಾಡಿತು. ಜಾಲತಾಣ ಮತ್ತು ಆ್ಯಪ್ ಗ್ರಾಹಕರನ್ನು ಕಂಪನಿಯ ಅಂಗಡಿಗಳಿಗೆ ಜೋಡಿಸುತ್ತವೆ, ಹಾಗಾಗಿ ಕಾಯ್ದೆ ಅನ್ವಯಿಸುತ್ತದೆ. ಈ ಹೊಣೆ ತನ್ನದೆಂಬ ಅರಿವು ಕಂಪನಿಗೆ 1996ರಿಂದಲೇ ಇರಬೇಕಿತ್ತು ಎಂದಿತು. ತಾಂತ್ರಿಕ ನಿಯಮವಿಲ್ಲವೆಂದರೆ ಪಾಲಿಸುವ ದಾರಿ ಆರಿಸಿಕೊಳ್ಳುವ ಸ್ವಾತಂತ್ರ್ಯವಿದೆ ಎಂದರ್ಥವೇ ಹೊರತು ಹೊಣೆಯೇ ಇಲ್ಲವೆಂದಲ್ಲ. ಇಡೀ ಪ್ರಕರಣದ ತಿರುಳು ಇದು. ಅದೇ ವರ್ಷ ಅಕ್ಟೋಬರ್ 7ರಂದು ಸುಪ್ರೀಂ ಕೋರ್ಟ್ ಕಂಪನಿಯ ಅರ್ಜಿಯನ್ನು ವಿಚಾರಣೆಗೆ ಎತ್ತಿಕೊಳ್ಳಲು ನಿರಾಕರಿಸಿತು. ಅದು ವಿಷಯದ ಮೇಲೆ ಕೊಟ್ಟ ತೀರ್ಪಲ್ಲ.

ಪ್ರಕರಣ ಜಿಲ್ಲಾ ನ್ಯಾಯಾಲಯಕ್ಕೆ ಮರಳಿದಾಗ, ಫೋನ್ ಮಾಡಿ ಆರ್ಡರ್ ಕೊಡಬಹುದಲ್ಲ ಎಂಬ ಸಮರ್ಥನೆ ನಿಲ್ಲಲಿಲ್ಲ; ದಾವೆ ಹೂಡಿದ ಗ್ರಾಹಕರು ಫೋನಿನಲ್ಲಿ 45 ನಿಮಿಷಕ್ಕೂ ಹೆಚ್ಚು ಕಾದದ್ದುಂಟು. 2021ರ ಜೂನ್‌ನಲ್ಲಿ, ಜಾಲತಾಣವನ್ನು ವಿಶ್ವವ್ಯಾಪಿ ಜಾಲ ಒಕ್ಕೂಟದ ಸುಗಮ್ಯತಾ ಮಾರ್ಗಸೂಚಿಯ 2.0 ಆವೃತ್ತಿಗೆ ಹೊಂದಿಸಬೇಕೆಂದೂ 4,000 ಡಾಲರ್ ಕೊಡಬೇಕೆಂದೂ ಆದೇಶವಾಯಿತು. 2022ರಲ್ಲಿ ರಾಜಿಯಾಯಿತು.

ಕೇಂದ್ರ ಕಾಯ್ದೆಯ ಮೂರನೆಯ ಭಾಗದಡಿ ಖಾಸಗಿ ದಾವೆದಾರರಿಗೆ ಪರಿಹಾರಧನ ಸಿಗುವುದಿಲ್ಲ. ಸಿಗುವುದು ತಡೆ ನಿವಾರಿಸುವ ಆದೇಶ ಮತ್ತು ವಕೀಲರ ಶುಲ್ಕ. ಆ 4,000 ಡಾಲರ್ ಬಂದದ್ದು ಕ್ಯಾಲಿಫೋರ್ನಿಯಾದ ಅನ್‌ರೂ ನಾಗರಿಕ ಹಕ್ಕು ಕಾಯ್ದೆಯಿಂದ. ಇಂಥ ದಾವೆಗಳು ಆ ರಾಜ್ಯದಲ್ಲೂ ನ್ಯೂಯಾರ್ಕ್, ಫ್ಲಾರಿಡಾಗಳಲ್ಲೂ ಹೆಚ್ಚು. ಕೆಲವೇ ವಕೀಲರು ಒಂದೇ ಅಚ್ಚಿನ ದೂರುಗಳನ್ನು ಸಣ್ಣ ರೆಸ್ಟೋರೆಂಟುಗಳ ಮೇಲೂ ಹೂಡಿ ಶುಲ್ಕ ಗಳಿಸುತ್ತಾರೆಂಬ ಆಕ್ಷೇಪದಲ್ಲಿ ಸತ್ಯವಿದೆ. ಆದರೆ ಕಾಯ್ದೆಯ ಜಾರಿಯನ್ನು ಬಹುಮಟ್ಟಿಗೆ ನೊಂದವರ ಹೆಗಲಿಗೇ ಬಿಟ್ಟಿರುವಾಗ, ದಾವೆ ಹೂಡಿದ ಅಂಧರನ್ನೆಲ್ಲ ದುರಾಸೆಯವರೆನ್ನುವುದು ಅನ್ಯಾಯ.

ದಾವೆಯ ಭಯಕ್ಕೆ ಅನೇಕರು ಜಾಲತಾಣದ ಮೇಲೆ ಅಗ್ಗದ ‘ಓವರ್‌ಲೇ’ ತಂತ್ರಾಂಶ ಅಂಟಿಸಿಕೊಳ್ಳುತ್ತಾರೆ. ಅದರಿಂದ ಮೂಲ ಕೋಡಿನ ದೋಷ ಹೋಗುವುದಿಲ್ಲ. ಯಾವುದೇ ಜಾಲತಾಣವನ್ನು ಮಾರ್ಗಸೂಚಿಗೆ ಹೊಂದಿಸಬಲ್ಲೆನೆಂದು ಹೇಳಿಕೊಂಡ ಆಕ್ಸೆಸಿಬೀ ಕಂಪನಿ 10 ಲಕ್ಷ ಡಾಲರ್ ತೆರಬೇಕೆಂದು 2025ರಲ್ಲಿ ಫೆಡರಲ್ ವಾಣಿಜ್ಯ ಆಯೋಗ ಆದೇಶಿಸಿತು. ನ್ಯಾಯ ಇಲಾಖೆ 2024ರ ಏಪ್ರಿಲ್‌ನಲ್ಲಿ ಅದೇ ಮಾರ್ಗಸೂಚಿಯ 2.1 ಆವೃತ್ತಿಯನ್ನು ಕಡ್ಡಾಯ ಮಾಡಿದ್ದು ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳ ಜಾಲತಾಣಗಳಿಗೆ. ರೆಸ್ಟೋರೆಂಟುಗಳು ಆ ನಿಯಮದ ವ್ಯಾಪ್ತಿಗೆ ಬರುವುದಿಲ್ಲ.