ಹಾಸಿಗೆ ಹಿಡಿದವರ ಮೈ ಶುಚಿ



ಬೆಳಕು ಹರಿಯುತ್ತಲೇ ನಾವು ತೋಟಕ್ಕೆ ಹೊರಡುತ್ತೇವೆ. ಒಂದು ದಿನ ತಪ್ಪಿದರೆ ಒಂದು ದಿನದ ಕೂಲಿ ಹೋಯಿತು. ಮನೆಯಲ್ಲಿ ಲಕ್ವ ಹೊಡೆದ ತಂದೆಯೋ ಸೊಂಟ ಮುರಿದ ತಾಯಿಯೋ ಮಲಗಿದ್ದರೆ, ನಾವು ಸಂಜೆ ಬರುವ ತನಕ ಒದ್ದೆ ಬಟ್ಟೆಯಲ್ಲೇ ಇರುತ್ತಾರೆ. ಪ್ರೀತಿ ಕಡಿಮೆಯಾಗಿ ಅಲ್ಲ, ಕೈ ಸಾಲದೆ. ಆದರೆ ಒಂದೇ ಮಗ್ಗುಲಲ್ಲಿ ಮಲಗಿದರೆ ಮೂಳೆ ಒತ್ತಿದ ಕಡೆ ರಕ್ತ ಓಡುವುದಿಲ್ಲ; ಕೆಲವೇ ಗಂಟೆಗಳಲ್ಲಿ ಚರ್ಮ ಕೆಡತೊಡಗುತ್ತದೆ. ಗೋವೆಯ ಬೆವರು, ಬಟ್ಟೆ ಒಣಗದ ಮಳೆಗಾಲ, ಎರಡೂ ಅದಕ್ಕೆ ಸೇರುತ್ತವೆ.

1542ರಲ್ಲಿ ಗೋವೆಗೆ ಬಂದಿಳಿದ ಸಂತ ಫ್ರಾನ್ಸಿಸ್ ಝೇವಿಯರ್ ಇಲ್ಲಿಯ ಆಸ್ಪತ್ರೆಯಲ್ಲೇ ಬಿಡಾರ ಮಾಡಿ ರೋಗಿಗಳ ಸೇವೆ ಮಾಡಿದರು. ಆ ಸೇವೆಯನ್ನು ನಾವು ಮನೆಯಲ್ಲೇ ಮಾಡಬಹುದು. ಎರಡು ಪಾತ್ರೆ ಬೆಚ್ಚನೆಯ ನೀರು, ಸೋಪು, ಮೆತ್ತಗಿನ ಹಳೆಯ ಬಟ್ಟೆ ಸಾಕು.

ಮೊದಲು ಬಾಗಿಲು ಮುಚ್ಚಿ, ಕೈ ತೊಳೆದುಕೊಳ್ಳಿ. ಏನು ಮಾಡುತ್ತೇವೆಂದು ರೋಗಿಗೆ ಹೇಳಿ. ಮಾತು ಬಾರದವರಿಗೂ ಕಿವಿ ಕೇಳಿಸೀತು, ನಾಚಿಕೆಯೂ ಇರುತ್ತದೆ. ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿ. ಲಕ್ವ ಹೊಡೆದ ಭಾಗಕ್ಕೆ ಸುಟ್ಟದ್ದು ತಿಳಿಯದೆ ಹೋಗಬಹುದು. ಮೈಯೆಲ್ಲ ಹೊದಿಸಿ, ತೊಳೆಯುವ ಭಾಗವನ್ನು ಮಾತ್ರ ತೆರೆಯಿರಿ. ಮುಖದಿಂದ ಆರಂಭಿಸಿ, ಕಣ್ಣನ್ನು ಮೂಗಿನ ಕಡೆಯಿಂದ ಹೊರಕ್ಕೆ ಒರೆಸಿ. ಗುಪ್ತಾಂಗವನ್ನು ಕೊನೆಗೆ, ಬೇರೆ ಬಟ್ಟೆ, ಬೇರೆ ನೀರಿನಿಂದ, ಮುಂದಿನಿಂದ ಹಿಂದಕ್ಕೆ ತೊಳೆಯಿರಿ. ಕಂಕುಳು, ಸ್ತನದ ಕೆಳಗೆ, ತೊಡೆಸಂದು, ಬೆರಳ ಸಂದುಗಳನ್ನು ಉಜ್ಜದೆ ಒತ್ತಿ ಒಣಗಿಸಿ. ಬಾಯಿಯನ್ನೂ ಮರೆಯಬೇಡಿ.

ಮೈ ತೊಳೆಯುವ ಹೊತ್ತೇ ಮೈ ನೋಡುವ ಹೊತ್ತು. ಬೆನ್ನಿನ ಕೆಳಭಾಗ, ಸೊಂಟದ ಪಕ್ಕ, ಹಿಮ್ಮಡಿ ನೋಡಿ. ಕಪ್ಪು ಮೈಯಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ಮುಟ್ಟಿದರೆ ಬಿಸಿಯಾಗಿಯೋ ಗಟ್ಟಿಯಾಗಿಯೋ ಸಿಗುತ್ತದೆ. ಅಲ್ಲಿ ತಿಕ್ಕಬೇಡಿ, ಆ ಕಡೆ ಮಲಗಿಸಲೂ ಬೇಡಿ. ಚರ್ಮ ಒಡೆದರೆ, ವಾಸನೆ ಬಂದರೆ, ಜ್ವರ ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಸುಮಾರು ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸಬೇಕು. ಎಳೆಯದೆ, ಇಬ್ಬರು ಸೇರಿ ಎತ್ತಿ. ಕೂಲಿಗೆ ಹೋಗುವ ಒಂದು ಮನೆಗೆ ಇದು ಸಾಧ್ಯವಿಲ್ಲ, ಒಂದು ಸಾಲಿಗೆ ಸಾಧ್ಯ. ಬಾಣಂತಿಯರು, ವಯಸ್ಸಾದವರು, ರಜೆಯಲ್ಲಿರುವವರು ಹಗಲೂ ಸಾಲಿನಲ್ಲಿರುತ್ತಾರೆ. ಹೆಂಗಸರಿಗೆ ಹೆಂಗಸರು, ಗಂಡಸರಿಗೆ ಗಂಡಸರು ನಿಲ್ಲಲಿ. ಕೂಲಿ ಕೇಳಲು ಒಟ್ಟಾಗಿ ನಿಂತ ನಾವು, ಒಬ್ಬ ಮುದುಕನನ್ನು ಮಗ್ಗುಲಾಗಿಸಲು ಒಟ್ಟಾಗಲಾರೆವೇ?

ಈ ದಿನ ಮನೆಗೆ ಹೋಗುವ ಮೊದಲು, ಪ್ರತಿ ಸಾಲಿನವರೂ ಯಾರ ಮನೆಗೆ ಯಾರು, ಎಷ್ಟು ಹೊತ್ತಿಗೆ ಎಂದು ಸರದಿ ಬರೆದುಕೊಟ್ಟು ಹೋಗೋಣ.