ಬೆಳ್ಳಿಮೋಡವನ್ನು ಮೊದಲ ಸಲ ಕಂಡಾಗ



ಈಚೆಗೊಂದು ಭಾನುವಾರ ನಾವು ನಾಲ್ಕಾರು ಸಂಸಾರಗಳವರು ಒಂದೆಡೆ ಕೂಡಿ ‘ಬೆಳ್ಳಿಮೋಡ’ ಚಿತ್ರವನ್ನು ನೋಡಿದೆವು. 1967ರ ಚಿತ್ರ, ಕನ್ನಡದಲ್ಲಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ಮೊದಲನೆಯದು. ಈ ಚೆನ್ನೈಯಲ್ಲೇ ಹುಟ್ಟಿ ಬೆಳೆದ ನಮ್ಮಲ್ಲಿ ಬಹುಮಂದಿಗೆ ಅದರ ಹೆಸರು ಗೊತ್ತಿತ್ತು, ಹಾಡುಗಳು ಗೊತ್ತಿದ್ದುವು; ಚಿತ್ರವನ್ನು ಕಂಡುದು ಅಂದೇ ಮೊದಲು. ಆ ಕಾಲದಲ್ಲಿ ಕನ್ನಡ ಚಿತ್ರಗಳ ಕೆಲಸ ಬಹುಪಾಲು ನಮ್ಮ ಊರಿನ ಸ್ಟುಡಿಯೋಗಳಲ್ಲೇ ನಡೆಯುತ್ತಿತ್ತು. ಈ ಚಿತ್ರವಾದರೋ ಮಲೆನಾಡಿನ ಬೆಟ್ಟಗಳಿಗೆ ಹೊರಟುಹೋಯಿತು. ಬೇಂದ್ರೆಯವರ ‘ಬೆಳಗು’ ಕವನ ಕೇಳಿಬಂದಾಗ ಮಾತನಾಡುತ್ತಿದ್ದ ಮಕ್ಕಳೂ ಸುಮ್ಮನಾದರು.

ಎಸ್ಟೇಟಿನ ಯಜಮಾನ ಸದಾಶಿವರಾಯರಿಗೆ ಇಂದಿರೆ ಒಬ್ಬಳೇ ಮಗಳು. ಮೋಹನನೊಡನೆ ಅವಳ ಮದುವೆ ಗೊತ್ತಾಗುತ್ತದೆ. ಭಾವೀ ಮಾವನ ಹಣದಲ್ಲೇ ಆತ ಹೆಚ್ಚಿನ ವಿದ್ಯೆಗೆ ಅಮೆರಿಕಕ್ಕೆ ಹೋಗುತ್ತಾನೆ. ಇತ್ತ ಆ ಮನೆಯಲ್ಲಿ ವರುಷಗಳ ಮೇಲೆ ಗಂಡುಕೂಸು ಹುಟ್ಟುತ್ತದೆ, ತಾಯಿ ತೀರಿಕೊಳ್ಳುತ್ತಾಳೆ. ತಮ್ಮನನ್ನು ಎತ್ತಿ ಸಾಕುವವಳು ಇಂದಿರೆಯೇ. ಆಸ್ತಿಗೆ ವಾರಸುದಾರ ಬಂದನೆಂದು ತಿಳಿದ ಮೋಹನನ ಮನಸ್ಸು ತಿರುಗುತ್ತದೆ.

ಕಲ್ಯಾಣಕುಮಾರರು ಈ ಮೋಹನನನ್ನು ದುಷ್ಟನನ್ನಾಗಿ ಮಾಡಿಲ್ಲ. ಇದನ್ನು ನಾವು ಬಹುವಾಗಿ ಮೆಚ್ಚಿದೆವು. ಮೀಸೆ ತಿರುವುವುದಿಲ್ಲ, ಅಟ್ಟಹಾಸವಿಲ್ಲ. ಓದಿದವನು, ಮಾತು ಬಲ್ಲವನು, ಲೆಕ್ಕವನ್ನೂ ಬಲ್ಲವನು. ಅಂಥವರನ್ನು ನಾವು ಕಂಡಿಲ್ಲವೆ? ಹೆಣ್ಣು ನೋಡುವ ಹೊತ್ತಿನಲ್ಲಿ ‘ಒಬ್ಬಳೇ ಮಗಳಂತೆ’ ಎಂಬ ಮಾತು ನಮ್ಮ ಮನೆಗಳಲ್ಲಿ ಇಂದಿಗೂ ಎಷ್ಟು ಮೆಲ್ಲನೆ ಬಂದು ಕುಳಿತುಕೊಳ್ಳುತ್ತದೆ ಎಂಬುದು ತಮಗೆಲ್ಲ ಗೊತ್ತು.

ಬಿದ್ದು ಕಾಲು ಮುರಿದುಕೊಂಡ ಅವನಿಗೆ ಇಂದಿರೆಯೇ ಶುಶ್ರೂಷೆ ಮಾಡುತ್ತಾಳೆ. ಅವನು ಪಶ್ಚಾತ್ತಾಪಪಟ್ಟು ಮದುವೆಯ ಮಾತೆತ್ತುತ್ತಾನೆ. ನಮ್ಮ ಸಾಲಿನ ಹಿರಿಯರೊಬ್ಬರು, “ಇನ್ನೇನು, ಓಲಗ ಊದಿಸಿರಪ್ಪಾ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ತೆರೆಯ ಮೇಲೆ ಇಂದಿರೆಯಾಗಿದ್ದ ಕಲ್ಪನಾ ಒಲ್ಲೆನೆಂದರು.

ಊಟಕ್ಕೆ ಕೂರುವ ಹೊತ್ತಿಗೆ ಎರಡು ಪಕ್ಷಗಳಾಗಿದ್ದುವು. “ತಪ್ಪೊಪ್ಪಿಕೊಂಡವನನ್ನು ಕ್ಷಮಿಸಬಾರದೇನೇ?” ಎಂದರು ಆ ಅಜ್ಜಿ. “ಕ್ಷಮಿಸಿದಳಲ್ಲ ಅಜ್ಜಿ, ಮದುವೆ ಬೇಡ ಅಂದಳು, ಅಷ್ಟೆ” ಎಂದಳು ಕಾಲೇಜಿಗೆ ಹೋಗುವ ಮೊಮ್ಮಗಳು. ನಮ್ಮ ಮತ ಹುಡುಗಿಯ ಕಡೆಗೆ. ಇಂದಿರೆ ಆರೈಕೆ ಮಾಡಿದುದು ಕರುಣೆಯಿಂದ. ಅದನ್ನು ಒಲವೆಂದು ಎಣಿಸಿದ್ದು ಮೋಹನನ ಇನ್ನೊಂದು ಲೆಕ್ಕ.

ಚಿತ್ರಕ್ಕೆ ಮೂಲ ತ್ರಿವೇಣಿಯವರ ಕಾದಂಬರಿ. ಅವರು 1963ರಲ್ಲೇ ತೀರಿಕೊಂಡರು, ಚಿತ್ರವನ್ನು ಕಾಣಲಿಲ್ಲ. ಆ ಹುಡುಗಿ ಪುಸ್ತಕ ಬೇಕೆಂದಳು. ಅವಳಿಗೆ ಕನ್ನಡದ ಮಾತು ಬರುತ್ತದೆ, ಅಕ್ಷರ ಬಾರದು. ಅಜ್ಜಿಗೆ ಅಕ್ಷರ ಬರುತ್ತದೆ, ಕಣ್ಣು ಮಂಜು. ಹೀಗಾಗಿ ಭಾನುವಾರಗಳಂದು ನಾವು ಸರದಿಯ ಮೇಲೆ ಗಟ್ಟಿಯಾಗಿ ಓದುತ್ತಿದ್ದೇವೆ. ಐವತ್ತು ಪುಟ ದಾಟಿದೆ. ಪುಸ್ತಕದಲ್ಲಾದರೂ ಮದುವೆಯಾದೀತೆಂದು ಅಜ್ಜಿ ಇನ್ನೂ ಕಾದಿದ್ದಾರೆ.