ಕಪ್ಪತಗುಡ್ಡವೂ ಪ್ರಜಾಸತ್ತೆಯೂ



ವಿಜ್ಞಾನವು ಪಂಡಿತರದು, ರಾಜಕಾರಣವು ಮಂತ್ರಿಗಳದು, ಜನಸಾಮಾನ್ಯರಿಗೆ ಉಳಿದುದು ಐದು ವರುಷಕ್ಕೊಮ್ಮೆ ಮತದಾನವೊಂದೇ ಎಂದು ಭಾವಿಸುವವರು ಬಹುಮಂದಿ. ಈ ಭಾವನೆಯು ತಪ್ಪೆಂಬುದಕ್ಕೆ ದೂರದ ದೃಷ್ಟಾಂತವನ್ನು ಹುಡುಕಬೇಕಾಗಿಲ್ಲ. ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಲ್ಲಿ ಹಬ್ಬಿಕೊಂಡಿರುವ ಕಪ್ಪತಗುಡ್ಡವೇ ಸಾಕು.

ಈ ಗುಡ್ಡದಲ್ಲಿ ಎರಡು ಬಗೆಯ ಸಂಪತ್ತುಂಟು: ಮೇಲೆ ಔಷಧಿಯ ಗಿಡಮೂಲಿಕೆಗಳು, ಒಳಗೆ ಚಿನ್ನ, ಕಬ್ಬಿಣಗಳ ಅದಿರು. ಭೂಗರ್ಭಶಾಸ್ತ್ರಜ್ಞ ರಾಬರ್ಟ್ ಬ್ರೂಸ್ ಫೂಟ್ ಅವರು ಇಲ್ಲಿಯ ಚಿನ್ನದ ಶಿಲೆಗಳನ್ನು ಕುರಿತು 1874ರಲ್ಲಿಯೇ ಬರೆದರು. ಸಸ್ಯಶಾಸ್ತ್ರಜ್ಞರು ಮೂಲಿಕೆಗಳನ್ನು ಗುರುತಿಸಿದರು. ಉಭಯರ ಮಾತೂ ನಿಜವೇ. ಅಗೆದರೆ ನೀರು, ಗಾಳಿ, ಮಣ್ಣುಗಳಿಗೆ ಏನಾದೀತೆಂಬುದನ್ನು ಶಾಸ್ತ್ರವು ಹೇಳಬಲ್ಲದು. ಅಗೆಯತಕ್ಕದ್ದೋ ಅಲ್ಲವೋ ಎಂಬುದನ್ನು ಮಾತ್ರ ಅದರ ಫಲವನ್ನುಣ್ಣುವ ಜನರೇ ಕೂಡಿ ವಿಚಾರಿಸಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ, ಸಂರಕ್ಷಿತ ಮೀಸಲನ್ನು ಸಾರುವ ಮುನ್ನ ಸ್ಥಳೀಯ ಜನರೊಡನೆ ಸಮಾಲೋಚಿಸಬೇಕೆನ್ನುತ್ತದೆ.

ಸರಕಾರವು 2015ರಲ್ಲಿ ಈ ಗುಡ್ಡವನ್ನು ಸಂರಕ್ಷಿತ ಮೀಸಲೆಂದು ಸಾರಿತು. 2016ರ ನವೆಂಬರದಲ್ಲಿ ಆ ಆಜ್ಞೆಯನ್ನು ಹಿಂದೆಗೆದುಕೊಂಡಿತು. ಅಷ್ಟರಲ್ಲಿ ಗುಡ್ಡದ ಮಣ್ಣಾಗಲಿ ಮೂಲಿಕೆಯಾಗಲಿ ಬದಲಾಗಿರಲಿಲ್ಲ. ಬದಲಾದುದು ಕಾಗದ ಮಾತ್ರ. ಗದುಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಮಹಾಸ್ವಾಮಿಗಳು 2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿ ಪರಿಸರದಲ್ಲಿ ಪೋಸ್ಕೋ ಉಕ್ಕಿನ ಕಾರಖಾನೆಗೆ ಭೂಮಿ ಕೇಳಿದಾಗ ರೈತರ ಬೆಂಗಡೆ ನಿಂತಿದ್ದರು. ಅವರೇ 2017ರ ಫೆಬ್ರುವರಿಯಲ್ಲಿ ಗುಡ್ಡಕ್ಕಾಗಿ ಗದಗದಲ್ಲಿ ಧರಣಿ ಕುಳಿತರು, ಜನರು ಕೂಡಿದರು. ಏಪ್ರಿಲದಲ್ಲಿ ಮೀಸಲು ಮರಳಿ ಬಂದಿತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರು ಪ್ರದೇಶವು ವನ್ಯಜೀವಿಧಾಮವಾಯಿತು. ಅದನ್ನು ಕಾಣಲು ಶ್ರೀಗಳಿರಲಿಲ್ಲ. 2018ರ ಅಕ್ಟೋಬರದಲ್ಲಿ ಅವರು ಲಿಂಗೈಕ್ಯರಾಗಿದ್ದರು.

ಇದು ಭಕ್ತರಿಗೆ ಅಭಿಮಾನದ ಸಂಗತಿಯಹುದು. ಆದರೆ ಅಭಿಮಾನವೊಂದೇ ಸಾಲದು. ಶ್ರೀಗಳು ನಿಂತರೆಂಬ ಕಾರಣದಿಂದಲೇ ನಿಂತವನು, ನಾಳೆ ಮತ್ತೊಬ್ಬ ದೊಡ್ಡವರು ಬೇರೆಡೆಗೆ ಕರೆದರೆ ಅತ್ತಲೂ ನಡೆದಾನು. ಮಳೆಯನ್ನೇ ನಂಬಿದ ಹೊಲದ ತರುಣನು, "ಗಣಿ ಬಂದರೆ ನನಗೆ ಕೆಲಸ ಸಿಕ್ಕೀತಲ್ಲವೇ?" ಎಂದು ಕೇಳುವುದು ದ್ರೋಹವಲ್ಲ, ನ್ಯಾಯವಾದ ಪ್ರಶ್ನೆ. ಆ ಕೆಲಸ ಎಷ್ಟು ಮಂದಿಗೆ, ಎಷ್ಟು ವರುಷ, ಅದಿರು ತೀರಿದ ಮೇಲೆ ಊರಿನ ಬಾವಿಯ ಗತಿಯೇನು ಎಂಬ ಲೆಕ್ಕವನ್ನು ಅವನ ಮುಂದಿಡುವುದೇ ಉತ್ತರ. ಅವನನ್ನು ಗದ್ದರಿಸಿ ಸುಮ್ಮನಾಗಿಸಿದರೆ ಪ್ರಜಾಸತ್ತೆಯೂ ಸೋಲುವುದು, ಗುಡ್ಡವೂ ಉಳಿಯದು.

ಪ್ರಶ್ನೆಗೆ ಅಂಜುವುದು ಶರಣರ ಮಾರ್ಗವಲ್ಲ. ಅಕ್ಕಮಹಾದೇವಿಯಂಥ ಮಹಾನುಭಾವೆಯನ್ನೂ ಅಲ್ಲಮಪ್ರಭುಗಳು ಪ್ರಶ್ನಿಸಿ ಪರೀಕ್ಷಿಸಿಯೇ ಬರಮಾಡಿಕೊಂಡರೆಂದು ಶೂನ್ಯಸಂಪಾದನೆಯು ತಿಳಿಸುತ್ತದೆ. ಶರಣರು ಆ ಗೋಷ್ಠಿಯಲ್ಲಿ ತಿಳಿಗನ್ನಡದಲ್ಲಿಯೇ ಮಾತಾಡಿದುದರಿಂದ, ಕಾಯಕದವನಿಗೂ ಅಲ್ಲಿ ಎಡೆ ದೊರೆಯಿತು. ಇಂದಿನ ಶಾಸ್ತ್ರಜ್ಞರ ವರದಿಗಳೂ ಹಾಗೆಯೇ ಕನ್ನಡಕ್ಕೆ ಬರತಕ್ಕದ್ದು.

ಆದುದರಿಂದ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಮಠಗಳಲ್ಲಿ ನಡೆಯುವ ಅನುಭಾವಗೋಷ್ಠಿಗಳಲ್ಲಿ ವಚನದ ವಿಚಾರದೊಡನೆ ನೆಲಜಲಗಳ ವಿಚಾರವೂ ನಡೆಯಲಿ. ಬಲ್ಲವರು ಬಂದು ತಿಳಿಸಲಿ. ಅರಿಯದವರು ಅಳುಕದೆ ಕೇಳಲಿ. ಅಧಿಕಾರದಲ್ಲಿರುವವರು ಕುಳಿತು ಆಲಿಸಲಿ. ಈ ಮಹೋತ್ಸವವನ್ನು ಆಚರಿಸಿದುದು ಆಗಲೇ ಸಾರ್ಥಕವಾದೀತು.